ಗೂಢಲಿಪೀಕೃತ ಕ್ಲೌಡ್ ಸಂಗ್ರಹ
ದತ್ತಾಂಶವನ್ನು ಗೂಢಲಿಪಿಗೆ ಮಾರ್ಪಡಿಸಿ ದೂರದ ಸರ್ವರ್‌ಗಳಲ್ಲಿ ಇರಿಸುವ ವ್ಯವಸ್ಥೆ. ಕೀಲಿ ಇಲ್ಲದವರಿಗೆ ಕಡತದ ಒಳವಿಷಯ ತಿಳಿಯದಂತೆ ಕಾಪಾಡುವುದು ಇದರ ಉದ್ದೇಶ.

ವಿಧಗಳು: ಕೀಲಿ ಯಾರ ಬಳಿ ಇದೆ ಎಂಬುದರ ಮೇಲೆ ಇದರಲ್ಲಿ ಎರಡು ಬಗೆ. ಸರ್ವರ್ ಬದಿಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಸೇವಾದಾತ ಸಂಸ್ಥೆಯೇ ಕೀಲಿಯನ್ನು ನಿರ್ವಹಿಸುತ್ತದೆ. ಬಳಕೆದಾರರ ಬದಿಯ ಪದ್ಧತಿಯಲ್ಲಿ ಕಡತವು ಮೊಬೈಲ್ ಅಥವಾ ಕಂಪ್ಯೂಟರಿನಲ್ಲೇ ಗೂಢಲಿಪಿಗೊಂಡು ನಂತರ ರವಾನೆಯಾಗುತ್ತದೆ. ಸಂಸ್ಥೆಗೂ ಅದನ್ನು ಓದಲಾಗದು, ಕೀಲಿ ಕಳೆದರೆ ಕಡತವನ್ನು ಮರಳಿ ಪಡೆಯಲಾಗದು. ಅಮೆರಿಕ 2001ರಲ್ಲಿ ಮಾನಕವಾಗಿ ಅಂಗೀಕರಿಸಿದ ಎಇಎಸ್ ಕ್ರಮವಿಧಿ, 256 ಬಿಟ್ ಕೀಲಿಯೊಂದಿಗೆ, ವ್ಯಾಪಕ ಬಳಕೆಯಲ್ಲಿದೆ.

ಮಿತಿಗಳು: ಒಳವಿಷಯ ಮರೆಯಾದರೂ ಕಡತದ ಗಾತ್ರ, ರವಾನೆಯ ಸಮಯ, ಐಪಿ ವಿಳಾಸ ಸಾಮಾನ್ಯವಾಗಿ ಗೋಚರಿಸುತ್ತವೆ. ಜಾಗ ಉಳಿಸಲು ಕಡತದಿಂದಲೇ ಕೀಲಿ ಪಡೆಯುವ ಪದ್ಧತಿಯಲ್ಲಿ ಒಂದೇ ಚಲನಚಿತ್ರವನ್ನು ಇಬ್ಬರು ಸೇರಿಸಿದರೆ ಗೂಢಪ್ರತಿಗಳು ಒಂದೇ ಆಗಿರುತ್ತವೆ. ಇದರಿಂದ ಯಾರ ಬಳಿ ಯಾವ ಕಡತವಿದೆ ಎಂದು ಪತ್ತೆ ಹಚ್ಚಬಹುದು.

ಹೈದರಾಬಾದ್: ಅಮೆಜಾನ್ ವೆಬ್ ಸರ್ವಿಸಸ್ 2022ರ ನವೆಂಬರಿನಲ್ಲಿ ಮುಂಬೈ ನಂತರ ಭಾರತದ ತನ್ನ ಎರಡನೆಯ ಕ್ಲೌಡ್ ವಲಯವನ್ನು, ಮೂರು ಲಭ್ಯತಾ ವಲಯಗಳೊಂದಿಗೆ, ಇಲ್ಲಿ ಆರಂಭಿಸಿತು. 2023ರ ಜನವರಿಯಿಂದ ಅದರ ಎಸ್3 ಸಂಗ್ರಹಕ್ಕೆ ಸೇರುವ ಹೊಸ ಕಡತಗಳೆಲ್ಲ ತಾವಾಗಿಯೇ ಗೂಢಲಿಪಿಗೊಳ್ಳುತ್ತವೆ.

ಕಾನೂನು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ನಿರ್ದಿಷ್ಟ ಕಾರಣಗಳಿಗಾಗಿ ಗೂಢಲಿಪಿ ಬಿಡಿಸಲು ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡುತ್ತದೆ.