ಮೂಲಗೇಣಿ, ಚಾಲಗೇಣಿ ಮತ್ತು ನ್ಯಾಯದ ವೆಚ್ಚ: ನಂದಿಕೂರು ಪರಿಸರದ ಹಿನ್ನೆಲೆಯಲ್ಲಿ

ತುಳುನಾಡಿನ ಭೂಸಂಬಂಧಗಳ ಚರಿತ್ರೆಯನ್ನು ಕಂದಾಯ ದಾಖಲೆಗಳಿಂದಷ್ಟೇ ಕಟ್ಟಿಕೊಡಲಾಗದು. ಧನಿ ಮತ್ತು ಒಕ್ಕಲಿನ ನಡುವೆ ತಕರಾರು ಹುಟ್ಟಿದಾಗ ಕೈಯಲ್ಲಿ ಕಾಸಿಲ್ಲದ ಒಕ್ಕಲು ನ್ಯಾಯಕ್ಕಾಗಿ ಎಲ್ಲಿಗೆ ಹೋಗುತ್ತಿದ್ದ ಎಂಬ ಪ್ರಶ್ನೆಯೂ ಆ ಚರಿತ್ರೆಯ ಭಾಗವೇ ಆಗಿದೆ. ಹಿಂದೆ ಉಡುಪಿ ತಾಲೂಕಿನಲ್ಲಿದ್ದು ಈಗ ಕಾಪು ತಾಲೂಕಿಗೆ ಸೇರಿರುವ ನಂದಿಕೂರಿನಂತಹ ಗ್ರಾಮಗಳನ್ನು ಈ ದೃಷ್ಟಿಯಿಂದ ನೋಡಬೇಕಾಗುತ್ತದೆ.

ದಕ್ಷಿಣ ಕನ್ನಡದ ಗೇಣಿ ಪದ್ಧತಿಯಲ್ಲಿ ಎರಡು ಬಗೆಗಳು ಮುಖ್ಯವಾದವು. ಮೂಲಗೇಣಿಯು ವಂಶಪಾರಂಪರ್ಯವಾದುದು, ಅದರ ಗೇಣಿ ನಿಶ್ಚಿತ. ಚಾಲಗೇಣಿಯು ಧನಿಯ ಇಚ್ಛೆಗೆ ಒಳಪಟ್ಟದ್ದು. ಮೂಲಗೇಣಿದಾರನಿಗೆ ಸಾಮಾನ್ಯವಾಗಿ ಪತ್ರದ ಆಧಾರವಿರುತ್ತಿತ್ತು. ಚಾಲಗೇಣಿಯ ಒಕ್ಕಲಿಗೆ ಬಹುಮಟ್ಟಿಗೆ ನೆರೆಹೊರೆಯವರ ಮಾತೇ ಸಾಕ್ಷಿ. ಆದುದರಿಂದ ಕಾಗದವನ್ನೇ ಕೇಳುವ ನ್ಯಾಯಾಲಯವು ಅವನಿಗೆ ದೂರದ್ದೂ ದುಬಾರಿಯೂ ಆಗಿತ್ತು.

ಕೋಲ, ನೇಮಗಳಲ್ಲಿ ದೈವದ ನುಡಿಯ ಮುಂದೆ ತಕರಾರನ್ನು ಇಡುವ ರೂಢಿ ಈ ಪರಿಸರದಲ್ಲಿತ್ತು. ಅಲ್ಲಿ ಬಾಯಿಮಾತಿಗೆ ಬೆಲೆಯಿತ್ತು, ವಕೀಲರ ಅಗತ್ಯವಿರಲಿಲ್ಲ. ಆದರೆ ದೈವಸ್ಥಾನದ ಆಡಳಿತ ಅನೇಕ ಕಡೆ ಗುತ್ತಿನ ಮನೆಗಳ ಕೈಯಲ್ಲಿದ್ದು, ಧನಿಯೂ ಅದೇ ವರ್ಗದವನಾಗಿರುತ್ತಿದ್ದ. ಈ ಮಿತಿಯನ್ನು ಮರೆತು ಆ ನ್ಯಾಯವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಲ್ಲ.

ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಯಾಗಿ ಈ ಚಿತ್ರವನ್ನು ಬದಲಿಸಿತು. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಭೂನ್ಯಾಯಮಂಡಳಿ ಅದನ್ನು ವಿಚಾರಿಸುತ್ತಿತ್ತು. ಸರಕಾರ ನೇಮಿಸಿದ ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ವಕೀಲರು ಮಂಡಳಿಯ ಮುಂದೆ ಹಾಜರಾಗುವುದನ್ನು ಕಾಯ್ದೆಯ 48(8)ನೆಯ ಪ್ರಕರಣ ನಿಷೇಧಿಸಿತ್ತು. ಹಣವುಳ್ಳವನ ವಾಕ್ಚಾತುರ್ಯ ಬಡವನ ಮಾತನ್ನು ಮುಚ್ಚಿಹಾಕದಿರಲು ಇದು ನೆರವಾಯಿತು. ಆದರೆ ಮಂಡಳಿಯ ತೀರ್ಮಾನಗಳು ರಿಟ್ ಅರ್ಜಿಗಳ ಮೂಲಕ ಹೈಕೋರ್ಟನ್ನು ತಲುಪಿದಾಗ ವೆಚ್ಚದ ಹೊರೆ ಮತ್ತೆ ಒಕ್ಕಲಿನ ಮೇಲೆ ಬಿತ್ತು. ವಕೀಲರ ಕಾಯ್ದೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 1987ರಲ್ಲಿ ಆ ನಿಷೇಧವನ್ನೂ ಅಸಿಂಧುಗೊಳಿಸಿತು.

ಅದೇ ವರ್ಷ ರೂಪುಗೊಂಡ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಹಾಗೂ ನಿಗದಿತ ಆದಾಯಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರಾದರು. ಲೋಕ ಅದಾಲತ್ತಿನ ರಾಜಿ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಬಾಕಿ ದಾವೆಗೆ ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಮೂಲಗೇಣಿ, ಒಳಮೂಲಗೇಣಿದಾರರಿಗೆ ಮಾಲಿಕತ್ವ ನೀಡುವ 2011ರ ಕಾಯ್ದೆಯಿಂದ, ಗೇಣಿಯ ಪ್ರಶ್ನೆ 1974ಕ್ಕೇ ಮುಗಿದಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಒಟ್ಟಿನಲ್ಲಿ, ದೈವದ ನುಡಿ, ಭೂನ್ಯಾಯಮಂಡಳಿ, ಉಚಿತ ಕಾನೂನು ನೆರವು ಇವು ಮೂರೂ ಒಂದೇ ಕೊರತೆಗೆ ಭಿನ್ನ ಕಾಲಗಳಲ್ಲಿ ದೊರೆತ ಉತ್ತರಗಳು. ವಕೀಲರ ವೆಚ್ಚವನ್ನು ಸರಕಾರ ಭರಿಸಬಹುದು. ಪತ್ರವಿಲ್ಲದ ಒಕ್ಕಲಿನ ಸ್ವಾಧೀನಕ್ಕೆ ಊರಿನ ನೆನಪೇ ಆಧಾರ. ಆ ನೆನಪನ್ನು ಉಳ್ಳ ಹಿರಿಯರು ಕಣ್ಮರೆಯಾಗುವ ಮುನ್ನ ಗೇಣಿಯ ಮೌಖಿಕ ಚರಿತ್ರೆಯನ್ನು ಗ್ರಾಮವಾರು ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಕರ್ತವ್ಯವಾಗಿದೆ.