ಇಪ್ಪತ್ತಾರನೆಯ ಹುಟ್ಟುಹಬ್ಬ

ಅಮೆರಿಕದ ಅನೇಕ ತರುಣ ತರುಣಿಯರಿಗೆ ಇಪ್ಪತ್ತಾರನೆಯ ಹುಟ್ಟುಹಬ್ಬ ಸಂಭ್ರಮದ ಜೊತೆಗೆ ಒಂದು ಚಿಂತೆಯನ್ನೂ ತರುತ್ತದೆ. ಅಲ್ಲಿಯವರೆಗೆ ಅಪ್ಪನ ಅಥವಾ ಅಮ್ಮನ ಆರೋಗ್ಯ ವಿಮೆಯಲ್ಲಿ ಸೇರಿಕೊಂಡಿದ್ದ ಅವರ ಹೆಸರು ಆ ವಯಸ್ಸಿಗೆ ಪಟ್ಟಿಯಿಂದ ಬಿದ್ದುಹೋಗುತ್ತದೆ. 2010ಕ್ಕೆ ಮೊದಲು ಇದು ಇನ್ನೂ ಬೇಗ ಆಗುತ್ತಿತ್ತು: ಸಾಮಾನ್ಯವಾಗಿ ಹತ್ತೊಂಬತ್ತಕ್ಕೆ, ಕಾಲೇಜಿನಲ್ಲಿದ್ದರೆ ಇಪ್ಪತ್ತೆರಡು ಇಪ್ಪತ್ತಮೂರಕ್ಕೆ. ಮಕ್ಕಳು ಎಲ್ಲಿಯವರೆಗೆ ಮನೆಯವರು ಎಂಬುದನ್ನು ಹೆತ್ತವರಲ್ಲ, ವಿಮಾ ಪತ್ರದ ಒಂದು ಷರತ್ತು ತೀರ್ಮಾನಿಸುವ ಈ ಏರ್ಪಾಟು ಬಂದದ್ದಾದರೂ ಹೇಗೆ?

ಯಾರೋ ಕುಳಿತು ಯೋಚಿಸಿ ಮಾಡಿದ ಏರ್ಪಾಟಲ್ಲ ಇದು. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಬಾಕಿ ಲೆಕ್ಕಗಳನ್ನು ನೋಡುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬ ಆಡಳಿತಗಾರನಿಗೆ, ಹಣ ಕಟ್ಟಲಾಗದವರಲ್ಲಿ ಶಾಲಾ ಶಿಕ್ಷಕರ ಹೆಸರುಗಳು ಎದ್ದು ಕಂಡವು. ಆತ ಹಿಂದೆ ಅದೇ ಊರಿನ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವನು. ಮೇಷ್ಟರ ಸಂಬಳ ಎಷ್ಟೆಂದು ಬಲ್ಲವನು. ತಿಂಗಳಿಗೆ 50 ಸೆಂಟ್ ಕಟ್ಟಿದರೆ 21 ದಿನಗಳ ಆಸ್ಪತ್ರೆ ವಾಸ ಎಂಬ ಯೋಜನೆಯನ್ನು ಅವರ ಮುಂದಿಟ್ಟ. ಮುಂದೆ ಬ್ಲೂ ಕ್ರಾಸ್ ಎಂದು ಹೆಸರಾದ ವಿಮಾ ಯೋಜನೆಗಳಿಗೆ ಇದೇ ಮೂಲ. ಒಬ್ಬೊಬ್ಬರನ್ನಾಗಿ ಅಲ್ಲದೆ, ಒಂದೇ ಕಡೆ ದುಡಿಯುವವರನ್ನು ಗುಂಪಾಗಿ ಸೇರಿಸಿಕೊಂಡದ್ದು ಅದರ ಜಾಣತನ.

ಆಮೇಲೆ ಯುದ್ಧ ಬಂತು. ಬೆಲೆ ಏರಿಕೆಗೆ ಕಡಿವಾಣ ಹಾಕಲು 1942ರಲ್ಲಿ ಸರ್ಕಾರ ಸಂಬಳ ಏರಿಸುವುದನ್ನು ನಿರ್ಬಂಧಿಸಿತು. ಗಂಡಾಳುಗಳೆಲ್ಲ ರಣರಂಗದಲ್ಲಿರುವಾಗ ಕಾರ್ಖಾನೆಗಳಿಗೆ ಕೆಲಸಗಾರರು ಬೇಕು, ಹೆಚ್ಚು ಕೂಲಿ ಕೊಡುವಂತಿಲ್ಲ. ವಿಮೆಯನ್ನು ಮಾತ್ರ ಕೂಲಿಯ ಲೆಕ್ಕಕ್ಕೆ ಹಿಡಿದಿರಲಿಲ್ಲವಾಗಿ ಮಾಲೀಕರು ಅದನ್ನೇ ಮುಂದೊಡ್ಡಿದರು. ಮಾಲೀಕರು ಕಟ್ಟುವ ಕಂತು ನೌಕರನ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂಬುದನ್ನು 1954ರ ತೆರಿಗೆ ಕಾನೂನು ಗಟ್ಟಿ ಮಾಡಿತು. ಬ್ರಿಟನ್ನು 1948ರಲ್ಲಿ ಪ್ರಜೆಗಳೆಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆ ಒದಗಿಸಿತು. ಅಮೆರಿಕದಲ್ಲಿ ಮಾತ್ರ ಔಷಧೋಪಚಾರ ನೌಕರಿಗೆ ಗಂಟುಬಿತ್ತು. ಹೆಂಡತಿ ಮಕ್ಕಳು ನೌಕರನ ಹೆಸರಿನ ಕೆಳಗೆ 'ಅವಲಂಬಿತ'ರಾದರು. ಹೈಸ್ಕೂಲು ಮುಗಿಸಿದ ಹುಡುಗನಿಗೆ ಕಾರ್ಖಾನೆಯ ಕೆಲಸ, ಅದರೊಡನೆ ಅವನದೇ ವಿಮೆ ಸಿಗುತ್ತಿದ್ದ ಕಾಲಕ್ಕೆ ಹತ್ತೊಂಬತ್ತರ ಗೆರೆ ಅಷ್ಟಾಗಿ ನೋಯಿಸಲಿಲ್ಲ.

ಕಾಲ ಬದಲಾಯಿತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ತಂದರು. 1997ರಲ್ಲಿ ಮಕ್ಕಳಿಗೊಂದು ಯೋಜನೆ ಬಂತು, ಅದೂ ಹತ್ತೊಂಬತ್ತಕ್ಕೆ ಕೊನೆ. ನಡುವೆ ಉಳಿದವರು ಆಗತಾನೆ ದುಡಿಮೆಗೆ ಇಳಿದವರು. ಹೋಟೆಲು, ಅಂಗಡಿ, ಅರೆಕಾಲಿಕ ಕೆಲಸ. ಇಲ್ಲೆಲ್ಲ ವಿಮೆ ಸಿಗುವುದು ಅಪರೂಪ. ವಿಮಾ ವಲಯ ಇವರಿಗೆ 'ಅಜೇಯ ತರುಣರು' ಎಂದು ಹೆಸರಿಟ್ಟಿತು. ಕಾಯಿಲೆ ಬೀಳುವುದೇ ಇಲ್ಲವೆಂಬ ಭ್ರಮೆಯಿಂದ ವಿಮೆ ಬೇಡವೆನ್ನುತ್ತಾರಂತೆ! ಕಂತು ಕಟ್ಟಲಾಗದವನನ್ನು ಉಡಾಫೆಯವನೆಂದು ಕರೆಯುವುದು ಸುಲಭ. ಹೆತ್ತವರ ವಿಮೆಯಲ್ಲೇ 36 ತಿಂಗಳು ಮುಂದುವರಿಯಲು 1986ರ ಕಾಯ್ದೆಯೊಂದು ಅವಕಾಶ ಕೊಟ್ಟಿತಾದರೂ ಮಾಲೀಕರ ಪಾಲೂ ಸೇರಿ ಪೂರ್ತಿ ಕಂತು, ಮೇಲೆ ಶೇಕಡ 2 ಕಟ್ಟಬೇಕಿತ್ತು. ಬಾಗಿಲು ತೆರೆದು ಹೊಸಿಲಲ್ಲಿ ಸುಂಕ ಕೇಳಿದಂತಾಯಿತು.

ಈ ನಿಯಮದ ಕ್ರೌರ್ಯ ದೇಶಕ್ಕೆ ಕಂಡದ್ದು ನ್ಯೂ ಹ್ಯಾಂಪ್‌ಶೈರಿನ ವಿದ್ಯಾರ್ಥಿನಿಯೊಬ್ಬಳಿಂದ. 2003ರ ಕೊನೆಯಲ್ಲಿ ಅವಳಿಗೆ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಓದಿನ ಹೊರೆ ಇಳಿಸು ಎಂದರು ವೈದ್ಯರು. ಪೂರ್ಣಾವಧಿ ವಿದ್ಯಾರ್ಥಿನಿಯಾಗಿ ಉಳಿಯದಿದ್ದರೆ ವಿಮೆ ಇಲ್ಲ ಎಂದಿತು ಷರತ್ತು. ಕೀಮೋಥೆರಪಿ ಪಡೆಯುತ್ತಲೇ ಪಾಠ ಓದಿ 2005ರಲ್ಲಿ ಪದವಿ ಮುಗಿಸಿದ ಅವಳು ಅದೇ ನವೆಂಬರಿನಲ್ಲಿ ತೀರಿಕೊಂಡಳು. ಅವಳ ತಾಯಿಯ ಓಡಾಟದ ಫಲವಾಗಿ 2008ರಲ್ಲಿ ಕೇಂದ್ರದ ಮಟ್ಟದಲ್ಲಿ 'ಮಿಶೆಲ್ ಕಾನೂನು' ಬಂತು: ಕಾಯಿಲೆಯ ವಿದ್ಯಾರ್ಥಿ ರಜೆ ಹಾಕಿದರೂ ಒಂದು ವರ್ಷದವರೆಗೆ ವಿಮೆ ತಪ್ಪದು.

ರಾಜ್ಯಗಳೂ ಸುಮ್ಮನಿರಲಿಲ್ಲ. ಯೂಟಾ 1990ರ ದಶಕದಲ್ಲೇ ವಯೋಮಿತಿಯನ್ನು 26ಕ್ಕೆ, ನ್ಯೂ ಜರ್ಸಿ 2006ರಲ್ಲಿ 30ಕ್ಕೆ ಏರಿಸಿದವು. ಆದರೆ ತಾವೇ ವಿಮಾನಿಧಿ ನಡೆಸುವ ದೊಡ್ಡ ಕಂಪನಿಗಳಿಗೆ, 1974ರ ಕೇಂದ್ರ ಕಾಯ್ದೆಯ ರಕ್ಷಣೆಯಿದ್ದುದರಿಂದ, ರಾಜ್ಯದ ಮಾತು ತಾಗಲಿಲ್ಲ. ಅಧ್ಯಕ್ಷ ಒಬಾಮಾ 2010ರ ಮಾರ್ಚ್ 23ರಂದು ಸಹಿ ಹಾಕಿದ ಆರೋಗ್ಯ ಕಾಯ್ದೆಯೇ ಎಲ್ಲ ಕಡೆಗೂ 26ನ್ನು ನಿಗದಿಪಡಿಸಿದ್ದು. ಮದುವೆಯಾಗಿರಲಿ, ಬೇರೆ ಊರಿನಲ್ಲಿರಲಿ, ಓದು ಬಿಟ್ಟಿರಲಿ, ಅಡ್ಡಿಯಿಲ್ಲ. ಇದರಿಂದ 2013ರೊಳಗೆ ಸುಮಾರು 23 ಲಕ್ಷ ತರುಣರಿಗೆ ವಿಮೆ ದೊರೆಯಿತೆಂಬುದು ಸರ್ಕಾರದ ಅಂದಾಜು. ಆ ಕಾಯ್ದೆಯನ್ನು ಕಟುವಾಗಿ ವಿರೋಧಿಸಿದವರಲ್ಲೂ ಅನೇಕರು ಈ ಒಂದು ಕಲಮನ್ನು ಮುಟ್ಟಹೋಗಲಿಲ್ಲ, ಅವರಿಗೂ ಮಕ್ಕಳಿದ್ದರಲ್ಲ.

ಗೆರೆ ಏಳು ವರ್ಷ ಮುಂದೆ ಸರಿಯಿತು, ಅಳಿಸಲಿಲ್ಲ. ಮಿನಿಯಾಪೊಲಿಸ್‌ನ ಅಲೆಕ್ ಸ್ಮಿತ್ ಹೋಟೆಲೊಂದರ ಮ್ಯಾನೇಜರು, ದಿನವೂ ಇನ್ಸುಲಿನ್ ಬೇಕಾದ ಮಧುಮೇಹಿ. 2017ರ ಮೇ ತಿಂಗಳಲ್ಲಿ ಇಪ್ಪತ್ತಾರು ತುಂಬಿ ತಾಯಿಯ ವಿಮೆಯಿಂದ ಹೊರಬಿದ್ದ. ಕೆಲಸದ ಜಾಗದಲ್ಲಿ ವಿಮೆ ಇರಲಿಲ್ಲ. ಸ್ವಂತಕ್ಕೆ ಕೊಳ್ಳಹೋದರೆ ತಿಂಗಳಿಗೆ ಸುಮಾರು 450 ಡಾಲರ್ ಕಂತು. ಅದರ ಮೇಲೂ ಮೊದಲ 7,600 ಡಾಲರ್ ಖರ್ಚು ತನ್ನದೇ ಎಂದು ತಾಯಿ ಆಮೇಲೆ ವಿವರಿಸಿದರು. ವಿಮೆಯಿಲ್ಲದೆ ಔಷಧಿ ಕೊಂಡರೆ ತಿಂಗಳಿಗೆ 1,300 ಡಾಲರ್. ಇದ್ದ ಇನ್ಸುಲಿನ್ನನ್ನೇ ಮಿತವಾಗಿ ಬಳಸುತ್ತಿದ್ದ ಆತ ಜೂನ್ ಕೊನೆಯಲ್ಲಿ ತನ್ನ ಕೋಣೆಯಲ್ಲಿ ಒಬ್ಬನೇ ಸತ್ತ. ಅವನ ಹೆಸರಿನ ಕಾಯ್ದೆಗೆ ಮಿನ್ನೆಸೋಟ ರಾಜ್ಯ 2020ರಲ್ಲಿ ಒಪ್ಪಿಗೆ ಕೊಟ್ಟಿತು. ತುರ್ತು ಬಿದ್ದವರಿಗೆ 35 ಡಾಲರ್ ಮೀರದ ಬೆಲೆಗೆ 30 ದಿನದ ಇನ್ಸುಲಿನ್, ವರ್ಷಕ್ಕೆ ಒಂದು ಸಲ.