ಸಿಹಿನೀರಿನ ಹಡಗೊಂದರ ಜೀವಿತ

ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಇವುಗಳ ಗಡಿ ಪ್ರದೇಶದಲ್ಲಿ ಐದು ಮಹಾಸರೋವರಗಳು ಹಬ್ಬಿವೆ. ಅಲ್ಲಿನ ಸರಕು ಸಾಗಣೆಯ ಚರಿತ್ರೆಯನ್ನರಿಯಲು ಒಂದೇ ಹಡಗಿನ ಜೀವಿತವನ್ನು ಹಿಂಬಾಲಿಸಿದರೂ ಸಾಕೆಂದು ನಮಗೆ ತೋರುತ್ತದೆ.

1906ರಲ್ಲಿ ಮಿಚಿಗನ್ ಸಂಸ್ಥಾನದ ಎಕೋರ್ಸ್ ಎಂಬಲ್ಲಿ ಸುಮಾರು 550 ಅಡಿ ಉದ್ದದ ಉಕ್ಕಿನ ಹಡಗೊಂದು ನೀರಿಗಿಳಿಯಿತು. ಅದಕ್ಕೆ ‘ವಿಲಿಯಂ ಪಿ. ಸ್ನೈಡರ್’ ಎಂದು ಹೆಸರಿಟ್ಟರು. ಸುಪೀರಿಯರ್ ಸರೋವರದ ಬಂದರುಗಳಿಂದ ಕಬ್ಬಿಣದ ಅದಿರನ್ನು ಕೆಳಗಣ ಸರೋವರಗಳ ಉಕ್ಕಿನ ಊರುಗಳಿಗೆ ತಂದುಕೊಡುವುದೇ ಇಂಥ ಹಡಗುಗಳ ಕಸುಬು. ಸುಪೀರಿಯರಿನ ನೀರು ಹ್ಯೂರಾನ್ ಸರೋವರದ ನೀರಿಗಿಂತ ಸುಮಾರು 21 ಅಡಿ ಎತ್ತರದಲ್ಲಿದೆ. ಎರಡರ ನಡುವೆ ಸೂ ಎಂಬಲ್ಲಿ 1855ರಲ್ಲಿ ಕಾಲುವೆಯನ್ನು ತೆರೆಯಲಾಯಿತು. ಅಲ್ಲಿನ ಬಾಗಿಲುಳ್ಳ ಕಟ್ಟೆಯೊಳಗೆ ಹಡಗನ್ನು ನಿಲ್ಲಿಸಿ, ನೀರನ್ನು ಹೊರಬಿಟ್ಟು, ಅದನ್ನು ಮೆಲ್ಲನೆ ಕೆಳಗಿಳಿಸುತ್ತಾರೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಸಂಚಾರ ನಿಲ್ಲುತ್ತದೆ.

ಉಪ್ಪುನೀರು ಉಕ್ಕನ್ನು ಬೇಗ ತಿನ್ನುತ್ತದೆ. ಸಿಹಿನೀರು ಅಷ್ಟು ತಿನ್ನದು. ಆದುದರಿಂದ ಸರೋವರದ ಹಡಗುಗಳಿಗೆ ದೀರ್ಘಾಯುಷ್ಯ. ಈ ಹಡಗಿಗೆ 1950ರಲ್ಲಿ ಸ್ಕಿನ್ನರ್ ಮಾದರಿಯ ಹೊಸ ಉಗಿಯಂತ್ರ ಬಂದಿತು. ಅದಕ್ಕಿಂತ ದೊಡ್ಡ ಹಡಗುಗಳು ಬಂದು ಅದಿರಿನ ಕೆಲಸ ಕೈಬಿಟ್ಟಿತಾದರೂ, ಹಡಗು ಮೂಲೆಗೆ ಬೀಳಲಿಲ್ಲ. 1960ರ ದಶಕದಲ್ಲಿ ಸಿಮೆಂಟು ಹೊರುವಂತೆ ಅದನ್ನು ಮಾರ್ಪಡಿಸಿದರು. ಚಾರ್ಲವಾಯ್ ಊರಿನ ಸಿಮೆಂಟು ಹೊತ್ತು ಶಿಕಾಗೋ ನದಿಗೆ ಬಂದಾಗ ಎತ್ತುಸೇತುವೆಗಳು ಕೆಟ್ಟು ನಿಲ್ಲುತ್ತಿದ್ದುದರಿಂದ ‘ಅಪಶಕುನದ ಹಡಗು’ ಎಂಬ ಕೀರ್ತಿಯೂ ಅದಕ್ಕಂಟಿತು!

ಒಡೆತನ ಬದಲಾದಂತೆಲ್ಲ ಹೆಸರೂ ಬದಲಾಯಿತು. 1926ರಲ್ಲಿ ‘ಎಲ್ಟನ್ ಹಾಯ್ಟ್’, 1952ರಲ್ಲಿ ‘ಅಲೆಕ್ಸ್ ಡಿ. ಚಿಸಮ್’, 1966ರಲ್ಲಿ ‘ಮೆಡೂಸಾ ಚಾಲೆಂಜರ್’, 1999ರಲ್ಲಿ ‘ಸೌತ್‌ಡೌನ್ ಚಾಲೆಂಜರ್’, ಕೊನೆಗೆ ‘ಸೇಂಟ್ ಮೇರೀಸ್ ಚಾಲೆಂಜರ್’. ಇವು ವ್ಯಾಪಾರದ ಪ್ರಮುಖರ, ಸಿಮೆಂಟು ಕಂಪನಿಗಳ ಹೆಸರುಗಳು. ಒಲೆಗೆ ಕಲ್ಲಿದ್ದಲು ತುಂಬಿದವನ, ಮಂಜಿನಲ್ಲಿ ಕಾವಲು ನಿಂತವನ, ಅಡಿಗೆಯವನ ಹೆಸರು ಹಡಗಿನ ಮುಂಭಾಗದಲ್ಲಿ ಎಂದೂ ಏರಲಿಲ್ಲ.

2013ರ ನವೆಂಬರಿನಲ್ಲಿ ಅದು ಸ್ವಶಕ್ತಿಯಿಂದ ಕೊನೆಯ ಯಾತ್ರೆ ಮಾಡಿತು. ಬಳಿಕ ಸ್ಟರ್ಜನ್ ಬೇ ಊರಿನಲ್ಲಿ ಯಂತ್ರವನ್ನು ತೆಗೆದು, ಇನ್ನೊಂದು ದೋಣಿ ಹಿಂದಿನಿಂದ ನೂಕಬೇಕಾದ ಬಾರ್ಜಾಗಿ ಅದನ್ನು ಮಾರ್ಪಡಿಸಿದರು. ಇದರಿಂದ ಖರ್ಚು ಕಡಮೆಯಾಯಿತು. ಕೆಲಸಗಾರರ ಸಂಖ್ಯೆಯೂ ಇಳಿಯಿತು. ಉಕ್ಕಿನ ಒಡಲು ಉಳಿಯಿತೆಂದು ಹಡಗಿನ ಅಭಿಮಾನಿಗಳು ಸಂತೋಷಪಡಬಹುದು; ತಪ್ಪಲ್ಲ. ಆದರೆ ಒಡಲನ್ನು ಎಣಿಸುವ ಚರಿತ್ರಕಾರನು, ಅದರೊಳಗೆ ದುಡಿದು ಇಳಿದುಹೋದವರನ್ನೂ ಎಣಿಸಬೇಕು. ನೂರೇಳು ವರ್ಷ ಆ ಹಡಗು ತಾನಾಗಿ ನಡೆಯಲಿಲ್ಲ, ಅವರು ನಡೆಸಿದರು.